ತಿಂದದ್ದು ಬೇರೆ, ಉಂಡದ್ದು ಬೇರೆ

ನಮ್ಮ ಕುಂದಾಪುರದ ಕಡೆ ಹೊಟ್ಟೆ ಬಿರಿಯುವಷ್ಟು ತಿಂದವನೂ ಉಪವಾಸ ಅನ್ನಿಸಿಕೊಳ್ಳಬಹುದು. ಏಕಾದಶಿ ಮಾಡುವ ಎಷ್ಟೋ ಜನರನ್ನು ನಾನು ಕಂಡಿದ್ದೇನೆ. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಸಜ್ಜಿಗೆ, ಸಂಜೆ ಬಾಳೆಹಣ್ಣು, ರಾತ್ರಿ ತಟ್ಟೆ ತುಂಬ ದೋಸೆ ತಿಂದು, "ಇವತ್ ನಂದ್ ಊಟ ಇಲ್ಲೆ" ಎಂದು ತೇಗುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನಮ್ಮಲ್ಲಿ ಅನ್ನವೋ ಗಂಜಿಯೋ ಹೊಟ್ಟೆಗೆ ಹೋದರೆ ಮಾತ್ರ ಉಂಡ ಹಾಗೆ, ಉಳಿದದ್ದೆಲ್ಲ ಬರಿಯ ತಿಂದದ್ದು. "ಉಂಡ್ಯಾ?" ಎಂದು ಕೇಳಿದರೆ, ಆಗಷ್ಟೇ ಒಂದು ರಾಶಿ ಇಡ್ಲಿ ಮುಗಿಸಿದವನೂ ಪ್ರಾಮಾಣಿಕವಾಗಿ "ಇಲ್ಲೆ" ಎನ್ನುತ್ತಾನೆ. ಈ ಒಂದು ವ್ಯಾಕರಣದಿಂದ ನನ್ನ ತಾಯಿ ಸಾಯುವುದರಲ್ಲಿದ್ದಳು.

ಚೀನಾ ಯುದ್ಧ ಮುಗಿದ ಮರುವರ್ಷ ನಾನು ಸೈನ್ಯಕ್ಕೆ ಸೇರಿದೆ. ದೇಶಪ್ರೇಮದಿಂದ ಸೇರಿದೆ ಎಂದು ಆಮೇಲೆ ಒಂದೆರಡು ಸನ್ಮಾನ ಸಭೆಗಳಲ್ಲಿ ಶಾಲು ಹೊದ್ದುಕೊಂಡು ಹೇಳಿದ್ದೂ ಉಂಟು. ನಿಜ ಸಂಗತಿ ಏನೆಂದರೆ, ವಂಡ್ಸೆ ಹತ್ತಿರದ ನಮ್ಮ ಮನೆಯಲ್ಲಿ ಉಳಿದಿದ್ದರೆ ಅಣ್ಣನ ಹಿಂದೆ ಗದ್ದೆಗಿಳಿಯಬೇಕಿತ್ತು. ಬೊಂಬಾಯಿಗೆ ಹೋಗಿದ್ದರೆ ಸೋದರಮಾವನ ಹೋಟೆಲಿನಲ್ಲಿ ಲೋಟ ತೊಳೆಯಬೇಕಿತ್ತು. ಎರಡಕ್ಕೂ ಮನಸ್ಸಿಲ್ಲದೆ ಮಂಗಳೂರಿಗೆ ಹೋಗಿ ಸಾಲಿನಲ್ಲಿ ನಿಂತೆ. ಅಲ್ಲಿ ಎದೆ ಅಳೆದರು, ಹಲ್ಲು ನೋಡಿದರು. ಹಲ್ಲು ಯಾಕೆ ನೋಡುತ್ತಾರೆ ಎಂಬುದು ಆಗ ತಿಳಿಯಲಿಲ್ಲ. ಸೈನ್ಯದ ಬಿಸ್ಕತ್ತು ಬಾಯಿಗೆ ಬಂದ ದಿನ ತಿಳಿಯಿತು.

ತರಬೇತಿ ಮುಗಿಸಿ ಕೆಲವು ಕಾಲದ ನಂತರ ನಮ್ಮನ್ನು ಹಿಮಾಲಯದ ಒಂದು ಪೋಸ್ಟಿಗೆ ಹತ್ತಿಸಿದರು. ಅಲ್ಲಿಗೆ ರಸ್ತೆ ಇಲ್ಲ. ತಿನ್ನುವ ಸಾಮಾನು ಹೇಸರಗತ್ತೆಯ ಬೆನ್ನಿನ ಮೇಲೆ ಬರಬೇಕು, ಇಲ್ಲವೇ ವಿಮಾನದಿಂದ ಬೀಳಬೇಕು. ವಿಮಾನದವರು ಗುರಿಯಿಟ್ಟು ಹಾಕುತ್ತಿದ್ದರು ಅಂತ ಕಾಣುತ್ತದೆ, ಯಾಕೆಂದರೆ ಹೆಚ್ಚಿನ ಪೆಟ್ಟಿಗೆಗಳು ಸರಿಯಾಗಿ ಕೊರಕಲಿಗೇ ಬೀಳುತ್ತಿದ್ದವು. ಹಗ್ಗ ಕಟ್ಟಿಕೊಂಡು ಇಳಿದು ತಂದರೆ ಡಬ್ಬಿಗಳೆಲ್ಲ ನೆಗ್ಗಿ, ಹಿಮದಲ್ಲಿ ನೆನೆದು, ಮೇಲಿನ ಚೀಟಿ ಕಿತ್ತುಹೋಗಿರುತ್ತಿತ್ತು. ಒಳಗೆ ಏನಿದೆ ಎಂದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಹೇಳಬೇಕು. ಗುಳುಗುಳು ಅಂದರೆ ಅನಾನಸು, ಸದ್ದೇ ಇಲ್ಲದಿದ್ದರೆ ಕುರಿಮಾಂಸ, ಎರಡರ ನಡುವೆ ಏನೋ ಅಂದರೆ ಬೆಂಡೆಕಾಯಿ. ಬೆಂಡೆಕಾಯಿ ಎಂದು ಗೊತ್ತಾದ ಡಬ್ಬಿ ಮತ್ತೆ ಕೊರಕಲಿಗೇ ಜಾರಿ ಬೀಳುವುದಿತ್ತು. ಅದಕ್ಕೆ ನಾವು ಜವಾಬ್ದಾರರಲ್ಲ.

ಕುರಿಮಾಂಸದ ಡಬ್ಬಿ ತೆರೆದರೆ ಮೇಲೆ ಬೆರಳು ದಪ್ಪದ ಬಿಳಿ ಕೊಬ್ಬು ಹೆಪ್ಪುಗಟ್ಟಿರುತ್ತಿತ್ತು. ಮೊಟ್ಟೆ ಎಂದರೆ ಪುಡಿ, ಹಾಲು ಎಂದರೂ ಪುಡಿ. ಬಟಾಟೆ ಮತ್ತು ನೀರುಳ್ಳಿ ಒಣಗಿಸಿದ ಚಕ್ಕೆಗಳಾಗಿ ಬರುತ್ತಿದ್ದವು, ಬಡಗಿಯ ಅಂಗಳ ಗುಡಿಸಿ ತಂದ ಹಾಗೆ. ಆ ಎತ್ತರದಲ್ಲಿ ಬೇಳೆ ಬೇಯುವುದಿಲ್ಲ. ಬೆಳಿಗ್ಗೆ ಒಲೆಗೆ ಇಟ್ಟ ಬೇಳೆ ಸಂಜೆಗೂ ಸೈನಿಕನ ಹಾಗೆ ಎದೆ ಸೆಟೆದು ನಿಂತಿರುತ್ತಿತ್ತು. ಅಕ್ಕಿಯ ಕಥೆಯೂ ಅದೇ, ಆದ್ದರಿಂದ ಅಡುಗೆಯವ ಅಕ್ಕಿಯ ಸುದ್ದಿಗೇ ಹೋಗುತ್ತಿರಲಿಲ್ಲ. ಇದೆಲ್ಲದರ ಮೇಲೆ ಶಕ್ಕರ್‌ಪಾರೆ ಎಂಬ ಸಿಹಿ ಗೋಧಿ ತುಂಡುಗಳು. ತುರ್ತಿಗೆಂದು ಬೆನ್ನಚೀಲದಲ್ಲಿ ಸದಾ ಇರಬೇಕು, ಅಪ್ಪಣೆ ಇಲ್ಲದೆ ತಿನ್ನಬಾರದು ಎಂಬ ನಿಯಮ. ಅಪ್ಪಣೆ ಕೊಟ್ಟರೂ ತಿನ್ನುವವರಿರಲಿಲ್ಲ, ಹಾಗಾಗಿ ಸೈನ್ಯದಲ್ಲಿ ನಾನು ಚಾಚೂ ತಪ್ಪದೆ ಪಾಲಿಸಿದ ನಿಯಮ ಅದೊಂದೇ. ರಮ್ಮಿನ ಬಗ್ಗೆ ಮಾತ್ರ ಯಾವ ಸೈನಿಕನೂ ಯಾವತ್ತೂ ದೂರು ಹೇಳಿದ್ದನ್ನು ನಾನು ಕೇಳಲಿಲ್ಲ.

ಆ ಪೋಸ್ಟಿನಲ್ಲಿ ನಮ್ಮ ಭಾಷೆ ಆಡುವವನು ಇನ್ನೊಬ್ಬನಿದ್ದ, ಬೈಂದೂರಿನವ. ನಮ್ಮಿಬ್ಬರ ಮಾತು ಕೇಳಿದ ಧಾರವಾಡದ ಹವಾಲ್ದಾರನೊಬ್ಬ ಇದು ಕನ್ನಡವೇ ಅಲ್ಲ ಎಂದು ಎಲ್ಲರಿಗೂ ಹೇಳಿಬಿಟ್ಟಿದ್ದ. ಅದು ನಮಗೆ ಬಹಳ ಉಪಯೋಗಕ್ಕೆ ಬಂತು. ತಪಾಸಣೆಗೆ ಬಂದ ಸಾಹೇಬರು ತಟ್ಟೆಯ ಮುಂದೆ ನಿಂತು "ಖಾನಾ ಕೈಸಾ ಹೈ?" ಎಂದು ಕೇಳುತ್ತಿದ್ದರು. ಇಡೀ ಭಾರತೀಯ ಸೈನ್ಯಕ್ಕೆ ಇದಕ್ಕೆ ಒಂದೇ ಉತ್ತರ, "ಬಹುತ್ ಅಚ್ಛಾ, ಸಾಬ್." ಬೈಂದೂರಿನವ ಮಾತ್ರ ಮುಖ ತುಂಬ ನಗು ತಂದುಕೊಂಡು, ಸೆಟೆದು ನಿಂತು, "ಇದನ್ನ ನಮ್ಮನಿ ಕೋಳಿ ಸೈತ ಮೂಸುದಿಲ್ಲ, ಸಾಬ್" ಎನ್ನುತ್ತಿದ್ದ. ಸಾಹೇಬರು ಅವನ ಬೆನ್ನು ತಟ್ಟಿ ಮುಂದೆ ಹೋಗುತ್ತಿದ್ದರು. ನಾನು ನಗು ತಡೆಯಲು ತುಟಿ ಕಚ್ಚಿ ಕಚ್ಚಿ ಗಾಯ ಮಾಡಿಕೊಂಡಿದ್ದೆ.

ಈ ಬೈಂದೂರಿನವನಿಗೆ ನನಗಿಂತ ಮೊದಲು ರಜೆ ಸಿಕ್ಕಿತು. ಊರಿಗೆ ಹೋದವ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೊಲ್ಲೂರು ಬಸ್ಸು ಹಿಡಿದು ನಮ್ಮ ಮನೆಗೂ ಹೋಗಿ ಬಂದ. ಜಗಲಿಯಲ್ಲಿ ಕೂತು ಬೆಲ್ಲ ನೀರು ಕುಡಿದ. ಅಮ್ಮ ಕೇಳುವ ಮೊದಲ ಪ್ರಶ್ನೆ ಯಾವುದೆಂದು ಬೇರೆ ಹೇಳಬೇಕಾಗಿಲ್ಲ. ಅಲ್ಲಿ ನಡೆದ ಮಾತನ್ನು ಆಮೇಲೆ ಅತ್ತಿಗೆ ನನಗೆ ಅಭಿನಯಿಸಿಯೇ ತೋರಿಸಿದರು.

"ನನ್ ಮಗ ಉಣ್ತ್ನಾ ಸಮಾ?"

"ಹುಷಾರಿದ್ದ ಅಮ್ಮ. ಉಂಬುಕ್ ಮಾತ್ರ ಇಲ್ಲೆ. ಅಲ್ಲ್ ಹತ್ತಿದ್ ಮೇಲೆ ಅವ ಉಣ್ಲೇ ಇಲ್ಲೆ, ನಾನೂ ಉಣ್ಲಿಲ್ಲೆ."

"ಮತ್ತೆಂತ ತಿಂತ್ರ್?"

"ಎಂತ ತಿಂಬುದ್, ಅಮ್ಮ. ರೇಷನ್."

ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಆದರೆ ಅಮ್ಮನಿಗೆ ಗೊತ್ತಿದ್ದದ್ದು ಒಂದೇ ರೇಷನ್. ಆ ವರ್ಷಗಳಲ್ಲಿ ಅಕ್ಕಿಗೆ ಎಲ್ಲೆಲ್ಲೂ ಬರಗಾಲ. ರೇಷನ್ ಅಂಗಡಿಯಲ್ಲಿ ಕೆಂಪು ಗೋಧಿ ಕೊಡುತ್ತಿದ್ದರು. ಹಡಗಿನಲ್ಲಿ ಬಂದದ್ದು, ಕಲ್ಲು ಹುಳ ಎಲ್ಲ ಸೇರಿದ್ದು. ಗದ್ದೆ ಇದ್ದ ನಮ್ಮಂಥ ಮನೆಯವರು ಅದನ್ನು ಮುಟ್ಟುತ್ತಿರಲಿಲ್ಲ, ತಂದವರೂ ಕೋಳಿಗೆ ಚೆಲ್ಲುತ್ತಿದ್ದರು. ತನ್ನ ಮಗ ಹಿಮಾಲಯದಲ್ಲಿ ಬಂದೂಕು ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ಚೀಲ ಹಿಡಿದು, ರೇಷನ್ ಅಂಗಡಿಯ ಮುಂದೆ ಸಾಲು ನಿಂತಿದ್ದಾನೆ ಎಂದು ಅವಳು ಕಲ್ಪಿಸಿಕೊಂಡಳು. ಬೈಂದೂರಿನವ ಅಂಗಳ ದಾಟಿದ್ದಷ್ಟೇ, ಕುಂಭಾಶಿಯ ಆನೆಗುಡ್ಡೆ ದೇವರ ದಿಕ್ಕಿಗೆ ತಿರುಗಿ ಕೈ ಮುಗಿದಳು. ಮಗ ಬಂದು ತನ್ನೆದುರು ಉಣ್ಣುವವರೆಗೆ ತಾನೂ ಉಣ್ಣುವುದಿಲ್ಲ, ಅವನು ರೇಷನ್ ತಿಂದರೆ ತಾನೂ ರೇಷನ್ನೇ ತಿನ್ನುತ್ತೇನೆ ಎಂದು ಹರಕೆ ಹೇಳಿಕೊಂಡಳು.

ಬೇರೆಯವರಾಗಿದ್ದರೆ ದೋಸೆ, ಕಡುಬು ತಿಂದುಕೊಂಡು ಹರಕೆಯನ್ನು ಸುಖವಾಗಿ ನಡೆಸಿಬಿಡುತ್ತಿದ್ದರು. ಅಮ್ಮ ಹಾಗಲ್ಲ. ದೋಸೆಯಲ್ಲೂ ಅಕ್ಕಿ ಇದೆ, ಕಡುಬಿನಲ್ಲೂ ಅಕ್ಕಿ ಇದೆ ಎಂದು ದೇವರಿಗೇ ಹೊಳೆಯದ ಕಟ್ಟಳೆ ಹಾಕಿಕೊಂಡಳು. ಗೋಧಿ ತರಿಸಿ, ಬೀಸುವ ಕಲ್ಲಿನಲ್ಲಿ ಬೀಸಿ, ರೊಟ್ಟಿ ಮಾಡಲು ಕೂತಳು. ಚಪಾತಿ ಎಂಬುದನ್ನು ಅವಳು ಹುಟ್ಟಿದ ಮೇಲೆ ಮಾಡಿದವಳಲ್ಲ. ಅಕ್ಕಿರೊಟ್ಟಿ ತಟ್ಟಿದ ಹಾಗೆ ತಟ್ಟಿದಳಂತೆ. ಅದನ್ನು ಮುರಿಯಲು ಅಣ್ಣ ಕತ್ತಿ ತರುತ್ತೇನೆಂದು ತಮಾಷೆ ಮಾಡಿದಾಗ ಅವನೊಡನೆ ಮಾತು ಬಿಟ್ಟಳಂತೆ.

ಇದೊಂದೂ ತಿಳಿಯದೆ ನಾನು ರಜೆಗೆ ಬಂದೆ. ಮಂಗಳೂರಿನಿಂದ ಬಸ್ಸಿನಲ್ಲಿ ಬರುವಾಗ ತಲೆಯಲ್ಲಿದ್ದದ್ದು ಕುಚ್ಚಲಕ್ಕಿ ಗಂಜಿ, ಚಟ್ಲಿ ಎಂಬ ಒಣ ಸಿಗಡಿಯ ಚಟ್ನಿ, ಮಿಡಿ ಉಪ್ಪಿನಕಾಯಿ. ಬ್ರಹ್ಮಾವರ ದಾಟುವಾಗಲೇ ಬಾಯಲ್ಲಿ ನೀರು. ಮನೆಯ ಅಂಗಳಕ್ಕೆ ಬಂದಾಗ ಮೊದಲು ಕಂಡದ್ದು ನಮ್ಮ ಎಮ್ಮೆ. ನಾನು ಹೋಗುವಾಗ ಪಕ್ಕೆಲುಬು ಎಣಿಸಬಹುದಾಗಿದ್ದ ಬಡಕಲು ಎಮ್ಮೆ, ಈಗ ಮಿರಿಮಿರಿ ಮಿಂಚುತ್ತ, ಕತ್ತು ತಿರುಗಿಸಲೂ ಸೋಮಾರಿತನ ಮಾಡುತ್ತಿತ್ತು. ಹಿಂದಿನಿಂದ ಅಮ್ಮ ಬಂದಳು. ಒಂದು ಕ್ಷಣ ನನಗೆ ಗುರುತು ಹತ್ತಲಿಲ್ಲ. ಕೆನ್ನೆ ಒಳಗೆ ಹೋಗಿತ್ತು, ರವಿಕೆ ಹೆಗಲಿನಿಂದ ಜಾರುತ್ತಿತ್ತು, ಕೈಬಳೆ ಮೊಣಕೈವರೆಗೆ ಏರುತ್ತಿತ್ತು. ಯುದ್ಧಭೂಮಿಯಿಂದ ಬಂದವ ನಾನೋ ಅವಳೋ ಎಂದು ನೋಡಿದವರಿಗೆ ಅನುಮಾನ ಬರಬೇಕು. ನನಗೆ ನಿಜವಾಗಿ ಹೆದರಿಕೆಯಾಯಿತು.

"ಕೈಕಾಲ್ ತೊಳ್ಕೊ. ಉಂಬುಕ್ ಕೂಕೊ" ಎಂದಳು. ಬೇರೆ ಮಾತೇ ಇಲ್ಲ.

ನಾನು ಉಂಡೆ. ನಾಚಿಕೆ ಬಿಟ್ಟು ಉಂಡೆ. ಅವಳು ಎದುರಿಗೆ ಕೂತು ನನ್ನ ಕೈ ಬಾಯಿಗೆ ಹೋಗುವುದನ್ನೇ ನೋಡಿದಳು. ನಾನು ಕೈ ತೊಳೆದು ಬಂದ ಮೇಲೆ ತನ್ನ ತಟ್ಟೆಗೆ ಗಂಜಿ ಹಾಕಿಕೊಂಡು, ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. ಆಮೇಲೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಇಡೀ ಕಥೆ ಹೇಳಿದರು. ಗೋಧಿ ಅಮ್ಮನ ಹೊಟ್ಟೆಗೆ ಒಗ್ಗಲಿಲ್ಲ, ತಿಂದದ್ದು ನಿಲ್ಲುತ್ತಿರಲಿಲ್ಲ, ಭತ್ತದ ನೇಜಿ ನೆಡುವಾಗ ಗದ್ದೆಯಲ್ಲೇ ಕುಸಿದು ಬಿದ್ದಿದ್ದಳು. ಕುಂದಾಪುರದ ಡಾಕ್ಟರು ಗೋಧಿ ಬಿಡದಿದ್ದರೆ ನಾನು ಮದ್ದು ಕೊಡುವುದಿಲ್ಲ ಎಂದು ಗದರಿಸಿದರೂ ಕೇಳಿರಲಿಲ್ಲ.

"ಈಗ ಉಂಡ್ರಲೆ ಅತ್ಗೆ, ಹರ್ಕೆ ಮುಗಿತಲೆ" ಎಂದೆ.

"ನಿನ್ ರಜೆ ಮುಗೀಲಿ, ಆಗ ಕಾಂತೆ" ಎಂದರು ಅತ್ತಿಗೆ. "ನೀ ಬಸ್ ಹತ್ತಿದ್ದೇ ಪುನಃ ಶುರು ಮಾಡ್ತ್ರ್. ಗೋದಿ ಒಂದ್ ಮೂಟೆ ತರ್ಸಿ ಇಟ್ಕಂಡಿರ್ ಅಟ್ಟದ್ಮೇಲೆ. ಇನ್ನೊಂದ್ ಸರ್ತಿ ಅದನ್ನ ತಿಂದ್ರೆ ನೀ ಬಪ್ಪತಿಗೆ ಅವ್ರ್ ಇಪ್ಪುದಿಲ್ಲ ಮಾರಾಯ."

ಮುಂದಿನ ರಜೆ ಯಾವಾಗ ಎಂದು ದೇವರಿಗೂ ಗೊತ್ತಿರಲಿಲ್ಲ, ನಮ್ಮ ಸಾಹೇಬರಿಗೂ ಗೊತ್ತಿರಲಿಲ್ಲ. ಆ ರಜೆಯಲ್ಲಿ ನನಗೆ ಇದ್ದದ್ದು ಒಂದೇ ಕೆಲಸ. ಸೈನ್ಯದಲ್ಲಿ ಮಗ ಸುಖವಾಗಿ ತಿನ್ನುತ್ತಾನೆ ಎಂದು ಅಮ್ಮನನ್ನು ನಂಬಿಸಬೇಕು. ಡಬ್ಬಿಗಳಿಗೆ ಅಷ್ಟು ದಿನ ಬಾಯಿಗೆ ಬಂದಂತೆ ಬೈದ ನಾನು ಅವುಗಳ ವಕೀಲನಾಗಬೇಕಾಯಿತು. ಬೆಳಿಗ್ಗೆ ಪೂರಿ ಎಂದೆ, ಮಧ್ಯಾಹ್ನ ಮಾಂಸ ಎಂದೆ, ಮೇಲೆ ಅನಾನಸು ಎಂದೆ. ಮೊಟ್ಟೆ ಬೇಕಾದಷ್ಟು ಎಂದೆ, ಪುಡಿ ಎನ್ನುವ ಮಾತನ್ನು ನುಂಗಿಕೊಂಡೆ. ಅಮ್ಮ ಬಸಳೆ ಸೋಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು.

"ಅಷ್ಟೆಲ್ಲ ಕೊಟ್ರೆ ನೀ ಎಂತಕ್ ಹೀಂಗ್ ಒಣ್ಗಿದ್ದ್?" ಎಂದಳು.

"ಚಳಿಗೆ ಅಮ್ಮ."

"ಚಳಿಗೆ ಬಟ್ಟೆ ಒಣ್ಗುದಿಲ್ಲ, ನೀ ಒಣ್ಗುದಾ?"

ಮಾತಿನಿಂದ ಆಗುವುದಿಲ್ಲ ಎಂದು ಗೊತ್ತಾಯಿತು. ಮನೆಯವರಿಗೆ ಬೆರಗು ಹುಟ್ಟಿಸಲು ಟ್ರಂಕಿನಲ್ಲಿ ತಂದಿದ್ದ ಡಬ್ಬಿಗಳನ್ನು ಹೊರಗೆ ತೆಗೆದೆ. ನಾವು ಕೋಳಿ, ಮೀನು, ಕುರಿ ತಿನ್ನುವವರೇ. ಆದರೂ ಚೀಟಿ ಇಲ್ಲದ ಡಬ್ಬಿಯಲ್ಲಿ ಯಾವ ಪ್ರಾಣಿ ಇದೆಯೋ ಎಂದು ಅಮ್ಮ ಅಡುಗೆಮನೆಗೆ ಬಿಡಲಿಲ್ಲ. ಬಚ್ಚಲಮನೆಯ ಒಲೆಯಲ್ಲಿ ಮಾಡು ಎಂದಳು. ಸ್ನಾನದ ಹಂಡೆ ಇಳಿಸಿ, ನೆರೆಯವರ ಸಮಕ್ಷಮದಲ್ಲಿ, ಹಿಮಾಲಯದ ಲಂಗರನ್ನು, ಅಂದರೆ ಸೈನ್ಯದ ಅಡುಗೆಮನೆಯನ್ನು, ನಾನು ವಂಡ್ಸೆಯ ಬಚ್ಚಲಲ್ಲಿ ಸ್ಥಾಪಿಸಿದೆ. ಡಬ್ಬಿ ಅಲ್ಲಾಡಿಸಿ, ಸದ್ದಿಲ್ಲದ್ದನ್ನು ಆರಿಸಿ, ಇದು ಕುರಿಮಾಂಸ ಎಂದು ಘೋಷಿಸಿ ತೆರೆದೆ. ಬೆಂಡೆಕಾಯಿ ಇತ್ತು, ನಮ್ಮ ಸೆಕೆಗೆ ಹಿಗ್ಗಿ ಗಟ್ಟಿಯಾಗಿ ತುಂಬಿಕೊಂಡಿತ್ತು. ನೆರೆಯ ಅಜ್ಜಿಯೊಬ್ಬಳು ಇಣುಕಿ, "ಇದ್ ಎಂತ ಪ್ರಾಣಿ ಮಗ?" ಎಂದಳು.

ಎರಡನೆಯ ಡಬ್ಬಿಯಲ್ಲಿ ಮಾಂಸ ಸಿಕ್ಕಿತು. ನಮ್ಮ ಅಡುಗೆಯವ ಮಾಡುವ ಹಾಗೆಯೇ ಉಪ್ಪು ಮತ್ತು ಒಂದಿಷ್ಟು ಮೆಣಸಿನ ಪುಡಿ ಹಾಕಿ ಕುದಿಸಿದೆ, ಮೊಟ್ಟೆ ಪುಡಿ ಕಲಸಿ ಆಮ್ಲೆಟ್ ಹೊಯ್ದೆ, ಬಿಸ್ಕತ್ತನ್ನು ಅಮ್ಮನ ಕೈಗೆ ಕೊಟ್ಟೆ. ಬಿಸ್ಕತ್ತನ್ನು ಅವಳು ಉಗುರಿನಿಂದ ಕುಟ್ಟಿ ನೋಡಿ ಕೆಳಗಿಟ್ಟಳು. ಆಮ್ಲೆಟ್ಟನ್ನು ಎರಡು ಕೈಯಿಂದ ಎಳೆದು, ಅದು ಹರಿಯದೆ ಉದ್ದವಾದದ್ದನ್ನು ಅತ್ತಿಗೆಗೆ ತೋರಿಸಿದಳು. ಮಾಂಸದ ಒಂದು ಚೂರು ಬಾಯಿಗೆ ಹಾಕಿ ನಿಧಾನವಾಗಿ ಅಗಿದಳು. ನಾನು ಸಾಹೇಬರ ಹಾಗೆ ಮುಂದೆ ನಿಂತು, "ಹ್ಯಾಂಗಿತ್ತ್ ಅಮ್ಮ?" ಎಂದೆ.

ಅವಳು ಸಾಹೇಬರಿಗೆ ಹೇಳುವ ಉತ್ತರ ಕಲಿತವಳಲ್ಲ. "ಚಿಮ್ಣೆಣ್ಣಿ ಡಬ್ಬಿ ನೆಕ್ಕಿದಂಗಿತ್ತ್" ಎಂದಳು. ಉಳಿದದ್ದನ್ನು ಪಕ್ಕಕ್ಕೆ ಸರಿಸಿ, "ಇದನ್ನ ತಿಂದ್ಕಂಡ್ ಅಲ್ಲ್ ಇದ್ಯಾ ಮಗ?" ಎಂದು ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ರೇಷನ್ ಅಂಗಡಿಯ ಗೋಧಿಯೇ ವಾಸಿ ಎಂದು ಅವಳಿಗೆ ಖಂಡಿತ ಅನ್ನಿಸಿರಬೇಕು. ಹರಕೆ ಬಿಡಿಸಲು ಹೊರಟವ ಅದಕ್ಕೆ ಇನ್ನಷ್ಟು ಬಲ ಕೊಟ್ಟು ಕೂತಿದ್ದೆ.

ರಜೆ ಮುಗಿಯುತ್ತ ಬಂತು. ಅಟ್ಟದ ಮೇಲಿನ ಗೋಧಿಯನ್ನು ಅಮ್ಮ ಇಳಿಸಿ ಬಿಸಿಲಿಗೆ ಹಾಕಿದಳು. ಅದನ್ನು ಕಂಡು ನನಗೆ ಊಟ ರುಚಿಸಲಿಲ್ಲ. ಎದ್ದು ಕೊಟ್ಟಿಗೆಯ ಕಡೆ ಹೋದೆ. ಅಲ್ಲಿ ಅತ್ತಿಗೆ ಎಮ್ಮೆಯ ಅಕ್ಕಚ್ಚಿನ ಬಾನಿಗೆ ಒಂದು ಪಾತ್ರೆ ಒಳ್ಳೆಯ ಅನ್ನ ಸುರಿಯುತ್ತಿದ್ದರು. ತಂಗಳಲ್ಲ, ಹಳಸಿದ್ದಲ್ಲ, ಹಬೆಯಾಡುವ ಅನ್ನ.

"ಇದೆಂತಕ್ ಎಮ್ಮಿಗೆ?" ಎಂದೆ.

"ಇದ್ ನಿಂದ್" ಎಂದರು ಅತ್ತಿಗೆ. "ಇವತ್ ನೀ ಸಮಾ ಉಣ್ಲಿಲ್ಲೆ ಅಲ್ದಾ, ಉಳಿತ್."

ಕೆದಕಿ ಕೇಳಿದ ಮೇಲೆ ಬಾಯಿಬಿಟ್ಟರು. ನಮ್ಮ ಮನೆಯಲ್ಲಿ ಅಕ್ಕಿ ಹಾಕುವವಳು ಯಾವತ್ತೂ ಅಮ್ಮನೇ. ಮನೆಯಲ್ಲಿದ್ದ ಒಬ್ಬೊಬ್ಬರ ಮುಖ ನೆನೆದು ಒಂದೊಂದು ಬೊಗಸೆ ಹಾಕುತ್ತಾಳೆ. ನಾನು ಸೈನ್ಯಕ್ಕೆ ಹೋದ ದಿನದಿಂದ ಇವತ್ತಿನವರೆಗೆ ನನ್ನ ಬೊಗಸೆ ತಪ್ಪಿಸಿರಲಿಲ್ಲ. ಹೊತ್ತು ಹೊತ್ತಿಗೂ ನನ್ನ ಪಾಲಿನ ಅನ್ನ ಬೆಂದು, ಉಣ್ಣುವವರಿಲ್ಲದೆ, ಎಮ್ಮೆಯ ಬಾನಿಗೆ ಹೋಗುತ್ತಿತ್ತು. ಹರಕೆ ಶುರುವಾದ ಮೇಲೆ ಅಮ್ಮನ ಪಾಲೂ ಅದಕ್ಕೇ. ಎಮ್ಮೆ ಮಿಂಚುತ್ತಿದ್ದದ್ದು ಸುಮ್ಮನೆ ಅಲ್ಲ.

ಸೈನ್ಯದಲ್ಲಿ ರಜೆಗೆಂದು ಗುಡ್ಡ ಇಳಿದ ದಿನವೇ ಅಡುಗೆಯವನ ಲೆಕ್ಕದಿಂದ ನಮ್ಮ ತಲೆ ಬಿಟ್ಟುಹೋಗುತ್ತದೆ. ಅದು ಸರಿಯೇ, ಅಲ್ಲಿ ಹಾಗೇ ಇರಬೇಕು. ಇಲ್ಲಿ ಇಷ್ಟು ವರ್ಷ ನನ್ನ ತಲೆ ಬಿಟ್ಟಿರಲಿಲ್ಲ ಎಂದು ಆಗ ಗೊತ್ತಾಯಿತು. ಅದರ ಬೆನ್ನಿಗೇ ವಿಪರೀತ ಸಿಟ್ಟು ಬಂತು. ನನ್ನ ಸ್ವಭಾವವೇ ಹಾಗೆ, ಅಳು ಬರುವ ಜಾಗದಲ್ಲಿ ಸಿಟ್ಟು ಬರುತ್ತದೆ. ನೇರ ಒಳಗೆ ಹೋಗಿ, ಗೋಧಿ ಕೇರುತ್ತಿದ್ದ ಅಮ್ಮನ ಕೈಯಿಂದ ಮೊರ ಕಿತ್ತುಕೊಂಡೆ.

"ಅಲ್ಲ ಅಮ್ಮ, ನಾ ಅಲ್ಲ್ ಚಿಮ್ಣೆಣ್ಣಿ ಡಬ್ಬಿ ನೆಕ್ಕುದ್, ನೀ ಇಲ್ಲ್ ಗೋದಿ ಕಲ್ ಕಡಿವುದ್, ನನ್ ಪಾಲ್ ಎಮ್ಮಿ ಉಂಬುದಾ? ಎಮ್ಮಿ ಎಂತ ನಿನ್ ಮಗನಾ?"

ಅಮ್ಮ ಮೊರಕ್ಕೆ ಕೈ ಚಾಚಿದಳು, ನಾನು ಕೊಡಲಿಲ್ಲ.

"ನನ್ ಪಾಲ್ ಯಾರ್ ಉಂಡ್ರೆ ನಂಗ್ ಮುಟ್ಟುದ್, ಹೇಳ್. ಎಮ್ಮಿ ಉಂಡ್ರೆ ಮುಟ್ಟತ್ತಾ?"

ಅವಳು ಕೈಯಲ್ಲಿದ್ದ ಗೋಧಿಯ ಕಾಳುಗಳನ್ನು ನೋಡುತ್ತ ಕೂತಳು. ನಾನು ಹೊರಗೆ ಬಂದು ಜಗಲಿಯಲ್ಲಿ ಬೀಡಿ ಹಚ್ಚಿದೆ. ಅಷ್ಟು ಜೋರು ಮಾಡಬಾರದಿತ್ತೋ ಏನೋ ಎಂದುಕೊಂಡೆ, ಆದರೂ ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಆ ದಿನವೆಲ್ಲ ನಾವಿಬ್ಬರೂ ಮುಖ ತಪ್ಪಿಸಿಕೊಂಡು ತಿರುಗಿದೆವು.

ಹೊರಡುವ ದಿನ ಬೆಳಿಗ್ಗೆ ಟ್ರಂಕು ಕಟ್ಟಿ ಆಗಿತ್ತು. ಅಮ್ಮ ಗಂಜಿ ಬಡಿಸಿದಳು. ನನಗೆ ಬಡಿಸಿ, ನನ್ನ ಪಕ್ಕದಲ್ಲಿ ತಾನೂ ತಟ್ಟೆ ಇಟ್ಟುಕೊಂಡು ಕೂತಳು. ತಟ್ಟೆಗೆ ಒಂದು ಸೌಟು ಹಾಕಿಕೊಂಡಳು. ಸ್ವಲ್ಪ ತಡೆದು, ಇನ್ನೊಂದು ಸೌಟು ಹಾಕಿಕೊಂಡಳು.

"ನೀ ಅಲ್ಲ್ ಎಂತ ಸಿಕ್ತೊ ಅದನ್ನ ತಿನ್" ಎಂದಳು. "ನಿಂದ್ ಇಲ್ಲ್ ನಾ ಉಣ್ತೆ. ಎಮ್ಮಿಗ್ ಕೊಡುದಿಲ್ಲ."

ಅಟ್ಟದ ಗೋಧಿ ಏನಾಯಿತು ಎಂದು ನಾನು ಕೇಳಲು ಹೋಗಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ, ಕಿಟಕಿಯ ಕಡೆ ಮುಖ ಮಾಡಿಕೊಂಡು, ಕುಂದಾಪುರ ಬರುವವರೆಗೆ ಅತ್ತೆ. ಪೋಸ್ಟಿಗೆ ಮರಳಿದ ಮೇಲೆ ಬೈಂದೂರಿನವನಿಗೆ ನಡೆದದ್ದನ್ನೆಲ್ಲ ಹೇಳಿದೆ. ಅವನು ತನ್ನ ಪಾಲಿನ ರಮ್ಮನ್ನು ನನ್ನ ಮಗ್ಗಿಗೆ ಸುರಿದ. ಸೈನಿಕನೊಬ್ಬ ಇನ್ನೊಬ್ಬನ ಕ್ಷಮೆ ಕೇಳುವುದಕ್ಕೆ ಅದಕ್ಕಿಂತ ದೊಡ್ಡ ದಾರಿ ನನಗೆ ಗೊತ್ತಿಲ್ಲ.

ಆಮೇಲೆ ರಜೆಗೆ ಬಂದಾಗಲೆಲ್ಲ ಅಮ್ಮ ದಪ್ಪಗಾಗುತ್ತಲೇ ಹೋದದ್ದನ್ನು ಕಂಡೆ. ಇಬ್ಬರ ಊಟ ಒಬ್ಬಳು ಉಂಡರೆ ಇನ್ನೇನಾಗುತ್ತದೆ. ರವಿಕೆಗಳ ಹೊಲಿಗೆ ಬಿಚ್ಚಿ ಅಗಲ ಮಾಡಿಸಿಕೊಂಡಿದ್ದಳು, ಮೆಟ್ಟಿಲು ಹತ್ತಿದರೆ ಏದುಸಿರು. ಒಮ್ಮೆ ಅವಳನ್ನು ನಾನೇ ಕುಂದಾಪುರಕ್ಕೆ ಕರೆದುಕೊಂಡು ಹೋದೆ. ಹಿಂದೆ ಗೋಧಿ ಬಿಡಿ ಎಂದು ಗದರಿಸಿದ್ದ ಅದೇ ಡಾಕ್ಟರು, ಈಗ ಅನ್ನ ಅರ್ಧಕ್ಕೆ ಇಳಿಸಿ ಎಂದು ಗದರಿಸಿದರು.

ಅಮ್ಮ ಸೆರಗು ಸರಿಮಾಡಿಕೊಂಡು, "ಹ್ವಾಯ್ ಡಾಕ್ಟ್ರೆ, ಅದ್ರಗ್ ಅರ್ಧ ನಂದಲ್ಲ, ಇವಂದ್. ಇವ ಸೈನ್ಯ ಬಿಟ್ಟ್ ಊರಿಗ್ ಬರ್ಲಿ, ಬಿಡ್ತೆ" ಎಂದಳು. ಡಾಕ್ಟರು ಅವಳನ್ನು ಬಿಟ್ಟು ನನ್ನ ಮುಖ ನೋಡಿದರು. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

ಕರಾರು ಮುಗಿಸಿ ಎಪ್ಪತ್ತರ ಆಚೆ ನಾನು ಶಾಶ್ವತವಾಗಿ ಊರಿಗೆ ಬಂದೆ. ಮಧ್ಯಾಹ್ನದ ಹೊತ್ತು. ಕೈಕಾಲು ತೊಳೆದು ಕೂತೆ. ಅಮ್ಮ ಬಡಿಸಲು ಬಂದಳು. ನನ್ನ ತಟ್ಟೆ ತುಂಬಿಸಿದಳು, ಎದುರಿಗೆ ತನ್ನ ತಟ್ಟೆ ಇಟ್ಟುಕೊಂಡು ಒಂದು ಸೌಟು ಅನ್ನ ಹಾಕಿಕೊಂಡಳು. ಎರಡನೆಯ ಸೌಟಿಗೆ ಕೈ ತಾನಾಗಿಯೇ ಪಾತ್ರೆಗೆ ಹೋಯಿತು. ಅಲ್ಲಿಗೆ ನಿಲ್ಲಿಸಿ ನನ್ನನ್ನು ನೋಡಿದಳು.

"ಸಾಕಾಯ್ತ್ ಮಾರಾಯ ನಂಗೆ" ಎಂದಳು. "ಇನ್ನ್ ನಿಂದ್ ನೀನೇ ಉಣ್."